ಬದಲಿಸುವ ಮುನ್ನ ಬಿಚ್ಚಿ ನೋಡೋಣ

ರಿಮೋಟ್ ಕಾರಿನ ಮುಂದಿನ ಚಕ್ರಗಳು ತಿರುಗಲು ಒಲ್ಲೆವೆಂದಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡೇ ತೀರ್ಮಾನಗಳು ಹೊರಡುತ್ತವೆ: ಕಾರು ಅಟ್ಟ ಸೇರಬೇಕು, ಇಲ್ಲವೇ ಹೆಚ್ಚು ಬಲದ, ಲೋಹದ ಗೇರಿನ ಹೊಸ ಸರ್ವೋ ತರಿಸಬೇಕು. ಇವೆರಡೂ ವಿಚಾರಣೆಗೆ ಮೊದಲೇ ಕೊಟ್ಟ ತೀರ್ಪುಗಳೆಂಬುದು ನಮ್ಮ ಅಭಿಪ್ರಾಯ. ದೋಷ ಎಲ್ಲಿದೆಯೆಂದು ತಿಳಿಯದೆ ಮಾಡುವ ಮಾರ್ಪಾಡು ದೋಷವನ್ನು ನೀಗುವುದಿಲ್ಲ. ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ವರ್ಗಾಯಿಸುತ್ತದೆ, ಅಷ್ಟೆ. ಆಟಿಕೆಯ ಮಾತೆಂದು ಇದನ್ನು ತಳ್ಳಿಹಾಕಬಾರದೆನ್ನಲು ನಾಸಿಕ ಮತ್ತು ಛತ್ರಪತಿ ಸಂಭಾಜಿನಗರಗಳಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ವಿಶೇಷ ಕಾರಣಗಳಿವೆ.

ಮೊದಲು ಹೆಸರಿನಿಂದಲೇ ಆರಂಭಿಸೋಣ. ‘ಸರ್ವೋ’ ಎಂಬುದರ ಮೂಲ ಲ್ಯಾಟಿನ್ನಿನ ‘ಸರ್ವಸ್’, ಅರ್ಥ, ದಾಸ. ಹಡಗಿನ ಚುಕ್ಕಾಣಿಯನ್ನು ಉಗಿಯ ಬಲದಿಂದ ತಿರುಗಿಸುವ ಯಂತ್ರವನ್ನು ರೂಪಿಸಿದ ಫ್ರಾನ್ಸಿನ ಜೋಸೆಫ್ ಫಾರ್ಕೊ 1873ರಲ್ಲಿ ಪ್ರಕಟಿಸಿದ ತನ್ನ ಪುಸ್ತಕಕ್ಕೆ ಈ ಹೆಸರನ್ನೇ ಇಟ್ಟನು. ಹೀಗೆ ಈ ಯಂತ್ರ ಹುಟ್ಟಿದ್ದೇ ದಿಕ್ಕು ತಿರುಗಿಸುವ ಕೆಲಸಕ್ಕಾಗಿ. ದಾಸಸಾಹಿತ್ಯದ ಪರಿಚಯವುಳ್ಳ ನಮಗೆ ದಾಸನೆಂದರೆ ಹೇಳಿದ ಕೆಲಸ ಮಾಡಿ ಮುಗಿಸುವ ಬರಿಯ ಆಳಲ್ಲ; ತಾನು ಎಲ್ಲಿದ್ದೇನೆ, ಎಲ್ಲಿರಬೇಕಿತ್ತು ಎಂದು ಸದಾ ತನ್ನನ್ನೇ ಕೇಳಿಕೊಳ್ಳುವವನು. ಸರ್ವೋದ ಗುಣವೂ ಇದೇ. ಅದರ ಪುಟ್ಟ ಪೆಟ್ಟಿಗೆಯಲ್ಲಿ ಒಂದು ಮೋಟರು, ಗೇರುಗಳ ಸಾಲು, ನಿಯಂತ್ರಣದ ಚಿಕ್ಕ ಫಲಕ ಮತ್ತು ಹೊರ ದಂಡದ ಜೊತೆಗೇ ತಿರುಗುವ ಪೊಟೆನ್ಶಿಯೊಮೀಟರ್ ಇರುತ್ತವೆ. ರಿಸೀವರಿನಿಂದ ಸೆಕೆಂಡಿಗೆ ಸುಮಾರು 50 ಬಾರಿ ಒಂದು ಪಲ್ಸ್ ಬರುತ್ತದೆ. ಅದರ ಅವಧಿ 1.5 ಮಿಲಿಸೆಕೆಂಡಾದರೆ ಚಕ್ರ ನೇರ. 1ರ ಕಡೆಗೆ ಸರಿದರೆ ಒಂದು ಪಕ್ಕ, 2ರ ಕಡೆಗೆ ಸರಿದರೆ ಇನ್ನೊಂದು ಪಕ್ಕ. ದಂಡ ಈಗ ಯಾವ ಕೋನದಲ್ಲಿದೆಯೆಂದು ಪೊಟೆನ್ಶಿಯೊಮೀಟರ್ ಹೇಳುತ್ತದೆ. ಆಜ್ಞೆಗೂ ಸ್ಥಿತಿಗೂ ಅಂತರ ಅಳಿಯುವವರೆಗೆ ಫಲಕವು ಮೋಟರನ್ನು ಓಡಿಸುತ್ತದೆ.

ಇಷ್ಟು ತಿಳಿದವರಿಗೆ ದೋಷ ಹುಡುಕುವ ಕ್ರಮ ತಾನಾಗಿಯೇ ಹೊಳೆಯುತ್ತದೆ. ಕಾರನ್ನು ಇಟ್ಟಿಗೆಯ ಮೇಲೆ ಕೂರಿಸಿ ಚಕ್ರಗಳು ನೆಲಕ್ಕೆ ತಾಗದಂತೆ ಮಾಡಿ, ಮೊದಲು ಸರ್ವೋದ ತೋಳನ್ನು ದಂಡದಿಂದ ಕಳಚಬೇಕು. ಈಗ ಮುಂದಿನ ಚಕ್ರಗಳನ್ನು ಕೈಯಿಂದ ತಿರುಗಿಸಿದಾಗ ಬಿಗಿಯೆನಿಸಿದರೆ ಸರ್ವೋ ನಿರಪರಾಧಿ. ಈ ಎರಡೂ ನಗರಗಳ ಸುತ್ತ ಇರುವುದು ವಿಜಯಪುರ, ಕಲಬುರಗಿಗಳ ಕಡೆಯವರಿಗೆ ಚೆನ್ನಾಗಿ ಗೊತ್ತಿರುವ ಎರೆಮಣ್ಣು. ಮಳೆಗಾಲದಲ್ಲಿ ಅದು ಸ್ಟೇರಿಂಗಿನ ಕೀಲುಗಳಿಗೆ ಮೆತ್ತಿಕೊಂಡು ಒಣಗಿತೆಂದರೆ ಎಂಥ ಸರ್ವೋ ಆದರೂ ಏದುಸಿರು ಬಿಡುತ್ತದೆ. ಬೇಕಾದದ್ದು ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು ಮಾತ್ರ.

ಎರಡನೆಯದು ವಿದ್ಯುತ್ತು. ಸಾಮಾನ್ಯ ಸರ್ವೋಗೆ 4.8ರಿಂದ 6 ವೋಲ್ಟು ಬೇಕು. ಚಕ್ರ ತಿರುಗಿಸಿದಾಗಲೆಲ್ಲ ರಿಸೀವರಿನ ದೀಪ ಮಿಣುಕಿ ಕಾರು ಒಂದು ಕ್ಷಣ ಸತ್ತಂತಾದರೆ, ಸರ್ವೋ ಎಳೆದ ಕರೆಂಟನ್ನು ಬ್ಯಾಟರಿಯೋ ಅದರ ಮುಂದಿನ ವೋಲ್ಟೇಜು ಇಳಿಸುವ ಸರ್ಕ್ಯೂಟೋ ತಾಳಿಕೊಳ್ಳಲಿಲ್ಲವೆಂದು ಶಂಕಿಸಬೇಕು. ಮಲ್ಟಿಮೀಟರನ್ನು ಹಿಡಿದರೆ ಸಂಗತಿ ಬಯಲಾಗುತ್ತದೆ. ಇಂಥ ಕಾರಿಗೆ ಹೆಚ್ಚು ಬಲದ ಸರ್ವೋ ಹಾಕುವುದೆಂದರೆ ಸೋರುವ ತೊಟ್ಟಿಗೆ ದೊಡ್ಡ ನಲ್ಲಿ ಜೋಡಿಸಿದಂತೆ. ಮೂರನೆಯದಾಗಿ, ಕೆಲಸ ಮಾಡುವುದೆಂದು ಖಾತ್ರಿಯಿರುವ ಬೇರೊಂದು ಸರ್ವೋವನ್ನು ಅದೇ ಚಾನೆಲ್ಲಿಗೆ ಸಿಕ್ಕಿಸಿ ನೋಡಬೇಕು. ಅದೂ ಸುಮ್ಮನಿದ್ದರೆ ತಪ್ಪು ರಿಸೀವರಿನದೋ ರಿಮೋಟಿನದೋ ಇರಬೇಕು.

ಇಷ್ಟರ ಬಳಿಕವೇ ಸರ್ವೋದ ಸರದಿ. ಮೋಟರಿನ ಸದ್ದು ಕೇಳಿಯೂ ತೋಳು ಅಲುಗದಿದ್ದರೆ ಗೇರಿನ ಹಲ್ಲು ಮುರಿದಿದೆ, ಅಥವಾ ತೋಳಿನ ಒಳಗಚ್ಚು ಸವೆದಿದೆ. ಒಂದೇ ಕೋನದಲ್ಲಿ ಮಾತ್ರ ನಡುಗಿದರೆ ಪೊಟೆನ್ಶಿಯೊಮೀಟರಿನ ಜಾಡು ಸವೆದಿದೆ ಅಥವಾ ಕೊಳೆಯಾಗಿದೆ. ಪೂರ್ತಿ ತಿರುಗಿದಾಗ ಮಾತ್ರ ಗುಂಯ್‌ಗುಟ್ಟಿ ಬಿಸಿಯಾದರೆ ಅದು ಕೆಟ್ಟಿಲ್ಲ. ಚಕ್ರ ಹೋಗಲಾರದಷ್ಟು ದೂರ ಹೋಗೆಂದು ನಾವೇ ಆಜ್ಞಾಪಿಸುತ್ತಿದ್ದೇವೆ. ರಿಮೋಟಿನಲ್ಲಿ ಕೊನೆಯ ಮಿತಿಯನ್ನು ತುಸು ಇಳಿಸಿದರೆ ಸಾಕು.

ಮಾರ್ಪಾಡಿಗೆ ನಾವು ವಿರೋಧಿಗಳಲ್ಲ. ಆದರೆ ಪ್ರತಿಯೊಂದು ಮಾರ್ಪಾಡಿಗೂ ಬೆಲೆಯಿದೆ. ಪ್ಲಾಸ್ಟಿಕ್ ಗೇರಿಗೆ ಬದಲಾಗಿ ಲೋಹದ ಗೇರು ಹಾಕಿದರೆ, ಚಕ್ರ ಗೋಡೆಗೆ ಬಡಿದಾಗ ಮೊದಲು ಮುರಿಯುತ್ತಿದ್ದ ಅಗ್ಗದ ಹಲ್ಲು ಉಳಿದುಕೊಂಡು, ಹೊಡೆತ ಸ್ಟೇರಿಂಗಿನ ಕಡ್ಡಿಗೋ ಮೋಟರಿಗೋ ದಾಟುತ್ತದೆ. ಆ ಹೊಡೆತವನ್ನು ನುಂಗಲು ಸ್ಪ್ರಿಂಗಿನ ‘ಸರ್ವೋ ಸೇವರ್’ ಸುಸ್ಥಿತಿಯಲ್ಲಿರಬೇಕು. ಹಲವು ಅಗ್ಗದ ಆಟಿಕೆ ಕಾರುಗಳ ಸರ್ವೋಗೆ ಮೂರರ ಬದಲು ಐದು ತಂತಿಗಳಿರುತ್ತವೆ, ಏಕೆಂದರೆ ನಿಯಂತ್ರಣದ ಫಲಕ ಕಾರಿನ ಮುಖ್ಯ ಬೋರ್ಡಿನಲ್ಲಿಯೇ ಇರುತ್ತದೆ. ಅಲ್ಲಿ ಮೂರು ತಂತಿಯ ಸರ್ವೋ ನೇರವಾಗಿ ಕೂಡುವುದಿಲ್ಲ. ಇನ್ನು ತಡೆಗೂಟ ಕತ್ತರಿಸಿ, ಪೊಟೆನ್ಶಿಯೊಮೀಟರಿನ ಸಂಬಂಧ ಕಡಿದು, ಸರ್ವೋ ಸುತ್ತುತ್ತಲೇ ಇರುವಂತೆ ಮಾಡುವ ಜನಪ್ರಿಯ ಮಾರ್ಪಾಡೊಂದಿದೆ. ಪುಟ್ಟ ರೋಬೋಟಿನ ಚಕ್ರಕ್ಕೆ ಅದು ಸಲ್ಲಬಹುದು, ಸ್ಟೇರಿಂಗಿಗೆ ಸಲ್ಲದು. ಮಕ್ಕಳಿಗೆ ಮೊದಲ ಪಾಠವಾಗಿ ಇದನ್ನೇ ಕಲಿಸುವುದು ನಮಗೆ ಸಮ್ಮತವಲ್ಲ. ದಾಸನ ಕಣ್ಣು ಕಿತ್ತು ಗಾಣಕ್ಕೆ ಕಟ್ಟಿದಂತೆ ಅದು.

ಕೆಲವು ನೂರು ರೂಪಾಯಿಗೆ ಹೊಸ ಸರ್ವೋ ಸಿಗುವಾಗ ರಜೆಯ ದಿನವೊಂದನ್ನು ಇದಕ್ಕೆ ಸುರಿಯಬೇಕೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಹಣವನ್ನಷ್ಟೇ ಎಣಿಸಿದರೆ ಕೆಲವೊಮ್ಮೆ ಅವರ ಲೆಕ್ಕವೇ ಸರಿ. ಆದರೆ ಕಾರಣ ಉಳಿದುಕೊಂಡರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ‘ಕೆಟ್ಟರೆ ಬದಲಿಸು’ ಎಂಬ ಒಂದೇ ಪಾಠ ಮಗುವಿಗೆ ಎರಡು ಬಾರಿ ಸಿಕ್ಕಿದಂತಾಗುತ್ತದೆ.

ನಾವಿರುವ ಈ ಊರುಗಳಾದರೋ ಬೇರೆಯದೇ ಪಾಠ ಹೇಳುತ್ತವೆ. ಸಾತಪುರ, ಅಂಬಡ, ವಾಳೂಜ್, ಚಿಕಲಠಾಣಾ ಕೈಗಾರಿಕಾ ವಸಾಹತುಗಳ ಸಿಎನ್‌ಸಿ ಯಂತ್ರಗಳನ್ನು ನಡೆಸುವುದು ಇದೇ ತತ್ತ್ವ: ಆಜ್ಞೆ, ಸ್ಥಿತಿ, ಅಂತರ, ತಿದ್ದುಪಡಿ. ಬೆಂಗಳೂರಿನಲ್ಲಿ 1940ರಲ್ಲಿ ಬೇರುಬಿಟ್ಟ ಎಚ್‌ಎಎಲ್‌ನ ಶಾಖೆ ನಾಸಿಕದ ಬಳಿಯ ಓಝರಿನಲ್ಲಿದೆ. ಅಲ್ಲಿ ಜೋಡಣೆಗೊಳ್ಳುವ ಸುಖೋಯ್ ವಿಮಾನದ ರೆಕ್ಕೆಯ ಅಂಚುಗಳು ಪೈಲಟ್ಟನ ಕೈಗೆ ವಿಧೇಯವಾಗಿರುವುದೂ ಇದೇ ತತ್ತ್ವದಿಂದ. ಇಂಥ ಯಂತ್ರಗಳಿಂದ ಅನ್ನ ಉಣ್ಣುವ ಮನೆಗಳು ನಮ್ಮಲ್ಲಿವೆ. ಆ ಮನೆಯ ಮಕ್ಕಳಿಗೆ ಆ ಯಂತ್ರಗಳ ಹತ್ತಿರ ಸುಳಿಯಲು ಅವಕಾಶವಿಲ್ಲ. ಅವರ ಕೈಗೆ ಎಟುಕುವುದು ಈ ಪುಟ್ಟ ಪೆಟ್ಟಿಗೆಯೊಂದೇ.

ಇನ್ನೊಂದು ಕಾರಣ ನಮ್ಮ ನುಡಿಗೆ ಸಂಬಂಧಿಸಿದ್ದು. ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು ಇರುವ ನಮ್ಮ ಮಕ್ಕಳಿಗೆ ಕನ್ನಡವು ಊಟಕ್ಕೆ ಕರೆಯುವ ಭಾಷೆಯಾಗಿ, ನವೆಂಬರಿನ ವೇದಿಕೆಯ ಭಾಷೆಯಾಗಿ ಉಳಿಯುತ್ತಿದೆ. ಕೆಲಸ ಕೊಡದ ಭಾಷೆ ಬಹುಕಾಲ ಮನೆಯಲ್ಲಿ ನಿಲ್ಲುವುದಿಲ್ಲ. ಸರ್ವೋ, ಗೇರು, ಬ್ಯಾಟರಿಗಳು ಹಾಗೆಯೇ ಇರಲಿ. ಆದರೆ ‘ಸಡಿಲವೋ ಬಿಗಿಯೋ’, ‘ನಡುಗುತ್ತದೆಯೋ ಜಾರುತ್ತದೆಯೋ’, ‘ಹಲ್ಲು ಸವೆದಿದೆಯೋ ಮುರಿದಿದೆಯೋ’ ಎಂಬ ಸೂಕ್ಷ್ಮಗಳನ್ನು ಹೇಳಲು ನಮ್ಮ ಮನೆಮಾತಿನಲ್ಲಿ ಕೊರತೆಯಿಲ್ಲ. ತಂದೆತಾಯಿಗಳ ಮುಂದೆ ಮಗುವೊಂದು ಕನ್ನಡದಲ್ಲಿ ಶಂಕಿಸಿ, ಕನ್ನಡದಲ್ಲಿ ಪರೀಕ್ಷಿಸಿ, ಕಾರಣ ಕಂಡುಕೊಂಡರೆ ಆ ಭಾಷೆ ಅದಕ್ಕೆ ಯೋಚನೆಯ ಸಾಧನವಾಗುತ್ತದೆ.

ಆದ್ದರಿಂದ ನಮ್ಮ ಸೂಚನೆ ಸರಳ. ನಮ್ಮ ಸಂಘಗಳ ಮಾಸಿಕ ಕೂಟಗಳಲ್ಲಿ ಹಾಡು, ಭಾಷಣಗಳ ಪಕ್ಕದಲ್ಲಿ ಒಂದು ಮೇಜು ಇರಲಿ. ಅದರ ಮೇಲೆ ನಾಲ್ಕು ಸ್ಕ್ರೂಡ್ರೈವರು, ಒಂದು ಮಲ್ಟಿಮೀಟರು, ಒಂದಿಷ್ಟು ಗ್ರೀಸು. ಅಟ್ಟ ಸೇರಿದ ಕಾರುಗಳನ್ನು ಮಕ್ಕಳು ಅಲ್ಲಿಗೆ ತರಲಿ. ಕೆಲವು ಮತ್ತೆ ಓಡುತ್ತವೆ, ಕೆಲವು ಓಡುವುದಿಲ್ಲ. ಓಡದ ಕಾರು ಏಕೆ ಓಡಲಿಲ್ಲವೆಂದು ಕನ್ನಡದಲ್ಲಿ ಹೇಳಬಲ್ಲ ಒಂದು ಮಗು ಸಿಕ್ಕರೂ ಆ ದಿನದ ಕೂಟ ಸಾರ್ಥಕ.