ಅಜ್ಜಿಯ ಹುಂಜ, ನಮ್ಮೂರ ಮಳೆ



ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದು ಎಂದುಕೊಂಡ ಅಜ್ಜಿಯ ಕಥೆ ಕೇಳದ ಕನ್ನಡದ ಮನೆ ಇದ್ದೀತೇ? ಆ ಬಗೆಯದೇ ಒಂದು ಜನಪದ ಕಥೆಯನ್ನು ಹಿಡಿದು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿ ಚಿದಾನಂದ ಎಸ್. ನಾಯ್ಕ ಕನ್ನಡದಲ್ಲೇ ಒಂದು ಕಿರುಚಿತ್ರ ಮಾಡಿದರು. ಹೆಸರು 'ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು'. ಮುದುಕಿಯೊಬ್ಬಳು ಊರಿನ ಹುಂಜ ಕದಿಯುತ್ತಾಳೆ; ಸೂರ್ಯ ಹುಟ್ಟುವುದೇ ಇಲ್ಲ. ಮೈಸೂರಿನಲ್ಲಿ ವೈದ್ಯಕೀಯ ಓದಿ ಸಿನಿಮಾಕ್ಕೆ ಬಂದ ನಾಯ್ಕರಿಗೆ ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕೇ ದಿನ. 2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು.

ಇದನ್ನು ಆದವಾನಿ, ಆಲೂರು, ಕೋಸಿಗಿ ಕಡೆಯ ನಮ್ಮ ಹುಡುಗ ಹುಡುಗಿಯರಿಗೆಂದೇ ಬರೆಯುತ್ತಿದ್ದೇನೆ. 1953ರಲ್ಲಿ ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋದವು. ನಿಮ್ಮಲ್ಲಿ ಅನೇಕರ ಓದು ತೆಲುಗು ಇಲ್ಲವೇ ಇಂಗ್ಲಿಷಿನಲ್ಲಿ. ಕನ್ನಡ ಅಜ್ಜಿಯ ಜೊತೆ ಮಾತ್ರ. ಇರಲಿ, ಸಿನಿಮಾಕ್ಕೆ ಅಷ್ಟು ಸಾಕು. ಕನ್ನಡ ಅಕ್ಷರ ಬಾರದವರೂ ಕನ್ನಡದಲ್ಲಿ ಚಿತ್ರ ತೆಗೆಯಬಹುದು.

ಕಥೆಗೆ ದೂರ ಹೋಗಬೇಡಿ. ಮಳೆ ಕೈಕೊಟ್ಟ ವರ್ಷ ನಮ್ಮ ಹಳ್ಳಿಗಳಿಂದ ಕುಟುಂಬಗಳೇ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೊರಡುತ್ತವೆ. ಕೆಲವು ಮಕ್ಕಳು ಶಾಲೆ ಬಿಟ್ಟು ಜೊತೆಗೆ ಹೋಗುತ್ತಾರೆ, ಕೆಲವರು ಅಜ್ಜಿಯ ಬಳಿ ಉಳಿಯುತ್ತಾರೆ. ಹಾಗೆ ಉಳಿದ ಹುಡುಗಿಯೊಬ್ಬಳು ಮಳೆಯ ಕನಸು ಕಾಣುತ್ತಾಳೆ ಎಂದಿಟ್ಟುಕೊಳ್ಳಿ. ಮಳೆ ಬಂದಿದ್ದರೆ ಅವ್ವ ಹೋಗುತ್ತಿರಲಿಲ್ಲ. ಎರಡೇ ಪಾತ್ರ, ಒಂದೇ ಮನೆ, ಐದು ನಿಮಿಷ. ಕಣ್ಣಿಗೆ ಕಾಣುವುದನ್ನೂ ಕಿವಿಗೆ ಕೇಳುವುದನ್ನೂ ಮಾತ್ರ ಒಂದು ಹಾಳೆಯಲ್ಲಿ ಬರೆಯಿರಿ. 'ಹುಡುಗಿಗೆ ಬೇಸರವಾಯಿತು' ಎಂದು ಬರೆದರೆ ಕ್ಯಾಮೆರಾಕ್ಕೆ ಏನು ಕಾಣುತ್ತದೆ? ಎರಡು ತಟ್ಟೆ ಇಟ್ಟು, ಮೂರನೆಯದನ್ನು ತೆಗೆದುಕೊಂಡು ಮತ್ತೆ ಗೂಡಿನಲ್ಲಿಟ್ಟಳು ಎಂದು ಬರೆಯಿರಿ.

ಇನ್ನು ಮಳೆ ಬರಿಸುವ ಕೆಲಸ. ಕುಡಿಯುವ ನೀರಿಗೆ ಬಿಂದಿಗೆ ಸಾಲು ನಿಲ್ಲುವ ಊರಿನಲ್ಲಿ ಟ್ಯಾಂಕರ್ ತರಿಸಿ ಮಳೆ ಸುರಿಸುವುದು ನನಗೆ ಒಪ್ಪಿಗೆಯಿಲ್ಲ, ಅದರ ಅಗತ್ಯವೂ ಇಲ್ಲ. ಕಿಟಕಿಯಷ್ಟು ಅಗಲಕ್ಕೆ ಮಳೆ ಬಿದ್ದರೆ ಸಾಕು. ಹೂದೋಟದ ಕ್ಯಾನಿನಿಂದ ನೀರು ಬೀಳಿಸಿ, ಹನಿಗಳ ಹಿಂದಿನಿಂದ ದೀಪ ಹಿಡಿಯಿರಿ. ಮುಂದಿನಿಂದ ಬೆಳಕು ಬಿಟ್ಟರೆ ಹನಿ ಕಾಣುವುದೇ ಇಲ್ಲ. ಹೊಲಕ್ಕೆ ಔಷಧಿ ಹೊಡೆದ ಪಂಪನ್ನು ಮಾತ್ರ ಮುಟ್ಟಬೇಡಿ; ಎಷ್ಟು ತೊಳೆದರೂ ವಿಷ ಉಳಿದಿರುತ್ತದೆ. ಮಳೆಯ ಸದ್ದನ್ನು ಬೇರೆಯಾಗಿ ಹಿಡಿಯಿರಿ. ಒಗ್ಗರಣೆಯ ಚುಂಯ್ ಸದ್ದನ್ನು ಕಣ್ಣು ಮುಚ್ಚಿ ಕೇಳಿ ನೋಡಿ!

ರಾತ್ರಿಯ ದೃಶ್ಯವನ್ನು ಹಗಲಲ್ಲೇ ತೆಗೆಯುವ ಉಪಾಯ ಹಳೆಯದು. ಸೂರ್ಯ ಪಾತ್ರದ ಬೆನ್ನಿಗಿರಲಿ, ಆಕಾಶ ಚೌಕಟ್ಟಿನಲ್ಲಿ ಬರದಿರಲಿ, ಮೊಬೈಲಿನಲ್ಲಿ ಬೆಳಕು ತಗ್ಗಿಸಿ ಬಣ್ಣವನ್ನು ಸ್ವಲ್ಪ ನೀಲಿಗೆ ತಿರುಗಿಸಿ. ಒಲೆಯ ಬೆಂಕಿ ಬೇಕೇ? ಟಾರ್ಚಿನಿಂದ ಸ್ವಲ್ಪ ದೂರದಲ್ಲಿ ಕಿತ್ತಳೆ ಬಣ್ಣದ ತೆಳು ಕಾಗದ ಹಿಡಿದು, ಅದರೆದುರು ಬೆರಳುಗಳನ್ನು ಆಡಿಸಿ. ಮುಖದ ಮೇಲೆ ಜ್ವಾಲೆ ಕುಣಿಯುತ್ತದೆ.

ಆದವಾನಿ ಹತ್ತಿಯ ಊರು. ಕನಸಿನ ದೃಶ್ಯಕ್ಕೆ ಹತ್ತಿಯನ್ನೇ ಹಿಮದ ಹಾಗೆ ಉದುರಿಸೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತೀರಿ. ಹಿಂದೆ ಹಾಲಿವುಡ್‌ನವರೂ ಅದನ್ನೇ ಮಾಡಿದ್ದರು. ಬಿಸಿ ದೀಪಗಳ ನಡುವೆ ಹತ್ತಿಗೆ ಬೆಂಕಿ ತಗುಲುವ ಭಯದಿಂದ 1930ರ ದಶಕದಲ್ಲಿ ಅದರ ಬದಲು ಕಲ್ನಾರು ಉದುರಿಸಿದರು. ಅದು ಉಸಿರಿನ ಜೊತೆ ಒಳಗೆ ಹೋದರೆ ಕ್ಯಾನ್ಸರ್ ತರುತ್ತದೆ. ಬೆಂಕಿಯಿಂದ ಪಾರಾಗಲು ವಿಷ ಹಿಡಿದ ಹಾಗಾಯಿತು. ನಮಗೆ ಎರಡೂ ಬೇಡ. ಬಿಳಿ ಕಾಗದದ ಚೂರು ಸಾಕು, ಅದನ್ನೂ ದೀಪದಿಂದ ದೂರವೇ ಉದುರಿಸಿ. ಜಿನ್ನಿಂಗ್ ಮಿಲ್ಲಿನ ಒಳಗಂತೂ ದೀಪ, ವೈರು ಹಿಡಿದು ಹೋಗಲೇಬೇಡಿ.

ಯಾರದಾದರೂ ಮನೆಯ ನಿಜವಾದ ಕಥೆಯನ್ನು ಆರಿಸಿಕೊಂಡಿದ್ದರೆ ಮೊದಲೇ ಅವರನ್ನು ಕೇಳಿ. ಮುಗಿದ ಮೇಲೆ ಮೊಬೈಲಿನಲ್ಲಿ ಊರಿಗೆಲ್ಲ ಹಂಚುವ ಮೊದಲು ಆ ಅಜ್ಜಿಯನ್ನು ಕೂರಿಸಿ ತೋರಿಸಿ. ಗುಂಟೂರಿನಿಂದ ಮಗಳು ಬರುವವರೆಗೆ ತಡೆಯಿರಿ ಎಂದರೆ ತಡೆಯಿರಿ. ಈ ತುಂಡು ಬೇಡ ಎಂದರೆ, ಅದು ಎಷ್ಟೇ ಚೆನ್ನಾಗಿ ಬಂದಿದ್ದರೂ, ತೆಗೆದುಬಿಡಿ.