ಅತಿಥಿಗೆ ಮನೆ, ನವಿಲಿಗೆ ಮೌನ

ಕಾಡನ್ನು ಕಾಣಬೇಕೆಂದು ಹೊರಟವರು ಕಾಡಿನ ಅಂಚಿನಲ್ಲಿ ಬಾಳುವವರನ್ನು ಕಾಣದೆಯೇ ಹಿಂದಿರುಗುವುದು ನಮ್ಮ ಕಾಲದ ಪ್ರವಾಸದ ಒಂದು ವೈಚಿತ್ರ್ಯ. ಕರ್ನಾಟಕದಲ್ಲಿ 1980ರಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯು ಸ್ಥಾಪಿತವಾಗಿ ಕಬಿನಿಯಂತಹ ಅರಣ್ಯಗಳಲ್ಲಿ ತಂಗುವ ಅನುಕೂಲವು ಬೆಳೆದುಬಂದಿತು. ಅದು ಒಳ್ಳೆಯದೇ. ಆದರೆ ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಿಗೆ ಆ ಮಾದರಿಯು ಹೊಂದಲಾರದು. ಇಲ್ಲಿ ನಾಗರಹೊಳೆಯಂತಹ ಮಹಾರಣ್ಯವಿಲ್ಲ. ಮಲೆನಾಡು ಮುಗಿದು ಬಯಲುಸೀಮೆಯು ತೊಡಗುವ ಸೆರಗು ಇದು. ಕುರುಚಲು ಕಾಡು, ಕೆರೆ, ಗದ್ದೆ, ಊರು ಇವೆಲ್ಲ ಒಂದರೊಳಗೊಂದು ಹೆಣೆದುಕೊಂಡಿವೆ. ಇಂತಹ ನೆಲವನ್ನು ತೋರಿಸಬಲ್ಲವರು ಅದರಲ್ಲಿ ವಾಸಿಸುವ ಕುಟುಂಬಗಳೇ ಹೊರತು ವಿಶ್ರಾಂತಿಧಾಮಗಳಲ್ಲ ಎಂಬುದು ನನ್ನ ಅಭಿಪ್ರಾಯ.

ಇಂತಹ ಪ್ರಯತ್ನವು ಲೋಕದಲ್ಲಿ ಹೊಸದೇನೂ ಅಲ್ಲ. ಮಧ್ಯ ಅಮೆರಿಕದ ಬೆಲೀಜ್ ದೇಶದ ದಕ್ಷಿಣ ತುದಿಯಲ್ಲಿ ಟೊಲೆಡೊ ಎಂಬ ಜಿಲ್ಲೆಯುಂಟು. ಅಲ್ಲಿನ ಮಳೆಕಾಡಿನ ನಡುವೆ ಮೊಪಾನ್ ಮತ್ತು ಕೆಕ್ಚಿ ಎಂಬ ಮಾಯಾ ಜನಾಂಗದವರು ಮೆಕ್ಕೆಜೋಳ ಬೆಳೆದು ಬಾಳುತ್ತಾರೆ. 1990ರಲ್ಲಿ ಆ ಹಳ್ಳಿಗಳವರು ಟೊಲೆಡೊ ಪರಿಸರ ಪ್ರವಾಸ ಸಂಘವನ್ನು ಕಟ್ಟಿದರು. ಬಂದವನು ಮಲಗುವುದಕ್ಕೆ ಹಳ್ಳಿಯವರೇ ಕಟ್ಟಿದ ಸರಳವಾದ ಅತಿಥಿಗೃಹ. ಊಟಕ್ಕೆ ಮಾತ್ರ ಒಂದೊಂದು ಹೊತ್ತಿಗೆ ಒಂದೊಂದು ಮನೆ. ಅಡುಗೆ ಮಾಡುವವರು, ಕಾಡಿನ ದಾರಿ ತೋರಿಸುವವರು ಸರದಿಯಂತೆ ಬದಲಾಗುತ್ತಾರೆ. ಗಳಿಕೆಯ ಒಂದು ಪಾಲು ಊರಿನ ಸಾಮಾನ್ಯ ನಿಧಿಗೆ ಸೇರುವುದು. ಈ ಯೋಜನೆಯ ಜೀವಾಳವು ಮಾಯಾ ಜನರ ಆತಿಥ್ಯವಷ್ಟೇ ಅಲ್ಲ, ಆ ಸರದಿ. ನಮ್ಮ ನೆರೆಯ ಉತ್ತರ ಕನ್ನಡದಲ್ಲಿ ಸಿದ್ದಿ ಮಹಿಳೆಯರು ‘ಡಮಾಮಿ’ ಎಂಬ ಹೆಸರಿನಿಂದ ಅತಿಥಿಗಳನ್ನು ಬರಮಾಡಿಕೊಳ್ಳುತ್ತಿರುವುದನ್ನು ನೆನೆದರೆ, ಇದು ನಮಗೆ ಎಟುಕದ ವಿಚಾರವೆಂದು ಯಾರೂ ಹೇಳಲಾರರು.

ಇನ್ನು ಶಿಗ್ಗಾಂವಿ ತಾಲೂಕಿನ ಬಂಕಾಪುರಕ್ಕೆ ಬರೋಣ. ಅಲ್ಲಿನ ಹಳೆಯ ಕೋಟೆಯನ್ನು 2006ರಲ್ಲಿ ನವಿಲುಧಾಮವೆಂದು ಘೋಷಿಸಲಾಯಿತು. ಅದರ ವಿಸ್ತಾರ ಸುಮಾರು 139 ಎಕರೆ. ಗಣಿತದ ಕಣ್ಣಿನಿಂದ ನೋಡಿದರೆ ಇದು ಬದಿಯೊಂದಕ್ಕೆ 750 ಮೀಟರಿನಷ್ಟಿರುವ ಚೌಕ. ಹತ್ತು ನಿಮಿಷದಲ್ಲಿ ಅಡ್ಡ ಹಾಯಬಹುದಾದಷ್ಟು ಕಿರಿದು. ಕೋಟೆಯೊಳಗೆ ದನಗಳ ತಳಿಸಂವರ್ಧನ ಕ್ಷೇತ್ರವೂ ಇರುವುದರಿಂದ ಮೇವಿನ ಹೊಲ, ಪೊದೆ, ಮರಗಳ ಆಸರೆ ಹಕ್ಕಿಗಳಿಗೆ ದೊರೆತಿದೆ. ಇಷ್ಟು ಚಿಕ್ಕ ನೆಲೆಗೆ ಪ್ರವಾಸಿಗಳು ಹೇಗೆ ಬರಬೇಕೆಂಬುದು ಭೌತಶಾಸ್ತ್ರದ ಪ್ರಶ್ನೆಯೂ ಹೌದು. ವಿದ್ಯಾರ್ಥಿಮಿತ್ರರು ಇಲ್ಲಿ ಸ್ವಲ್ಪ ಗಮನವಿಡಬೇಕು.

ಗಂಡು ನವಿಲು ಗರಿಗೆದರಿ ನಿಂತಾಗ ಗರಿಗಳನ್ನು ಕಂಪಿಸುವುದನ್ನು ನೀವು ಕಂಡಿರಬಹುದು. ಡೇಕಿನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ ಆ ಕಂಪನದ ಆವರ್ತನವು ಸೆಕೆಂಡಿಗೆ ಸುಮಾರು 26. ನವಿಲಿನ ತಲೆಯ ಮೇಲಣ ತುರಾಯಿಯು ಇದಕ್ಕೆ ಹತ್ತಿರದ ಆವರ್ತನದಲ್ಲಿಯೇ ಅನುರಣಿಸುವುದೆಂದು 2018ರಲ್ಲಿ ತಿಳಿದುಬಂದಿತು. ಎಂದರೆ ಈ ನೃತ್ಯವು ಕಣ್ಣಿಗೆ ಬೀರುವ ಬಣ್ಣವಷ್ಟೇ ಅಲ್ಲ, ಗಾಳಿಯ ಮೂಲಕ ಕಳುಹುವ ಸಂದೇಶವೂ ಆಗಿರಬಹುದು. ಈಗ ನಾಲ್ಕು ಸಿಲಿಂಡರುಗಳ ಕಾರೊಂದು ಕೋಟೆಯ ಬಾಗಿಲಲ್ಲಿ ನಿಂತು, ಇಂಜಿನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಸುತ್ತೊಂದಕ್ಕೆ ಎರಡು ಸ್ಫೋಟಗಳಾಗುವುದರಿಂದ ಸೆಕೆಂಡಿಗೆ ಸುಮಾರು 27 ಸ್ಫೋಟಗಳು. ಅದೇ ಆವರ್ತನವೇ! ಇದರ ಅಲೆಯುದ್ದವು ಹದಿಮೂರು ಮೀಟರಿನಷ್ಟಿರುವುದರಿಂದ ಪೊದೆಯಾಗಲಿ ಮರದ ಕಾಂಡವಾಗಲಿ ಅದನ್ನು ತಡೆಯಲಾರವು. ಅಲೆಯು ಅವುಗಳನ್ನು ಬಳಸಿಕೊಂಡು ಮುಂದೆ ಸಾಗುವುದು. ಈ ಸಾಮ್ಯವೊಂದರಿಂದಲೇ ಹಕ್ಕಿಗೆ ತೊಂದರೆಯೆಂದು ಸಿದ್ಧವಾಗದು, ನಿಜ. ಆದರೆ ಎಚ್ಚರಿಕೆಗೆ ಇಷ್ಟು ಕಾರಣ ಸಾಲದೆ?

ಆತಿಥೇಯ ಕುಟುಂಬದ ಬೆಲೆ ತಿಳಿಯುವುದು ಇಲ್ಲಿಯೇ. ದೂರದಿಂದ ವಾಹನದಲ್ಲಿ ಬರುವವನು ಹನ್ನೊಂದು ಗಂಟೆಗೆ ತಲಪುತ್ತಾನೆ. ಆಗ ನವಿಲುಗಳು ನೆರಳು ಸೇರಿರುತ್ತವೆ. ಅವನು ಹಾರ್ನು ಬಾರಿಸಿ, ಛಾಯಾಚಿತ್ರ ತೆಗೆದು, ಏನನ್ನೂ ನೋಡದೆ ಹೊರಡುತ್ತಾನೆ. ಊರಿನ ಮನೆಯೊಂದರಲ್ಲಿ ರಾತ್ರಿ ತಂಗಿದವನಾದರೋ ರೊಟ್ಟಿ ಬಡಿಯುವ ಸದ್ದಿಗಿಂತ ಮೊದಲೇ ಎದ್ದು, ಮನೆಯವರೊಬ್ಬರ ಹಿಂದೆ ಕಾಲ್ನಡಿಗೆಯಿಂದ ಹೋಗಿ ಬರಬಲ್ಲನು.

ಇದೇ ತಾಲೂಕಿನ ಗೋಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಇದೆ. ಕಲಾವಿದ ಸೊಲಬಕ್ಕನವರ ಕಲ್ಪನೆಯಿಂದ ಮೂಡಿದ ಸಿಮೆಂಟಿನ ರೈತರು, ಎತ್ತುಗಳು, ಮನೆಗಳು ಅಲ್ಲಿವೆ. ಅವುಗಳ ಕೌಶಲವನ್ನು ನಾನು ಮೆಚ್ಚುತ್ತೇನೆ. ಆದರೆ ಬೊಂಬೆಯ ಹಳ್ಳಿಗೆ ಹಣ ತೆತ್ತು ಸಾಲುನಿಲ್ಲುವ ಜನರು ಪಕ್ಕದ ನಿಜವಾದ ಹಳ್ಳಿಗೆ ಹೋಗುವುದಿಲ್ಲವಲ್ಲ! ಸವಣೂರಿನ ದೊಡ್ಡಹುಣಸೆ ಮಠದ ಬಾವೊಬಾಬ್ ಮರಗಳ ಸ್ಥಿತಿಯೂ ಭಿನ್ನವಲ್ಲ. ಆಫ್ರಿಕ ಮೂಲದ ಆ ಮೂರು ವೃಕ್ಷಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿತು. ಅದನ್ನು ಮತ್ತೆ ಎತ್ತಿ ನಿಲ್ಲಿಸಲಾಯಿತು. ಬೊಡ್ಡೆ ಟೊಳ್ಳಾಗುವ ಈ ಜಾತಿಯಲ್ಲಿ ವರ್ಷದ ಉಂಗುರಗಳನ್ನು ನಂಬುವಂತಿಲ್ಲ. ವಯಸ್ಸನ್ನು ಅಳೆಯಲು ಕಾರ್ಬನ್-14ರ ಮೊರೆಹೋಗಬೇಕು. ಇದನ್ನೆಲ್ಲ ವಿವರಿಸುವವರಿಲ್ಲದೆ ಪ್ರವಾಸಿಯು ಐದು ನಿಮಿಷದಲ್ಲಿ ಹೊರಟುಹೋಗುತ್ತಾನೆ. ಹಾನಗಲ್ಲಿನ ತಾರಕೇಶ್ವರ ದೇಗುಲ, ಮಾಸೂರಿನ ಬಳಿಯ ಮದಗದ ಕೆರೆ ಇವುಗಳ ಮಾತೂ ಅಷ್ಟೆ.

ಯೋಜನೆಯು ಕೆಡುವುದು ಮನೆಗಳ ಆಯ್ಕೆಯಲ್ಲಿ. ಸುಸಜ್ಜಿತ ಶೌಚಾಲಯ, ಗಿಲಾವು ಮಾಡಿದ ಗೋಡೆ ಇರುವ ಮನೆಗಳಿಗೇ ಅತಿಥಿಗಳೆಂದರೆ ಊರಿನ ಎರಡು ಮೂರು ಸ್ಥಿತಿವಂತರಿಗೇ ಲಾಭ. ಅದಕ್ಕಿಂತ ಕಠಿಣವಾದ ಪ್ರಶ್ನೆಯೊಂದುಂಟು: ಎಲ್ಲ ಕೇರಿಗಳ ಮನೆಗಳೂ ಸರದಿಯಲ್ಲಿ ಸೇರುವುವೆ? ಊಟದ ಸರದಿಯನ್ನು ಜಾತಿ ನೋಡಿ ಕತ್ತರಿಸುವುದಾದರೆ ಈ ಕಾರ್ಯವನ್ನು ಆರಂಭಿಸದಿರುವುದೇ ಲೇಸು. ಮಾಯಾ ಹಳ್ಳಿಗಳ ಪದ್ಧತಿಯಂತೆ ಮಲಗುವ ಸ್ಥಳವು ಊರಿನ ಸ್ವತ್ತಾಗಿ, ಊಟವು ಸರದಿಯದಾದರೆ ಬಡವರ ಮನೆಗೂ ಅವಕಾಶ ದೊರೆಯುವುದು. ಹಣವು ಅಡುಗೆ ಮಾಡಿದವಳ ಕೈಗೇ ಸೇರತಕ್ಕದ್ದು.

ಗೋಟಗೋಡಿಯಲ್ಲಿಯೇ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ಅಲ್ಲಿನ ವಿದ್ಯಾರ್ಥಿಗಳು, ನಮ್ಮ ಕಾಲೇಜುಗಳ ವಿಜ್ಞಾನದ ವಿದ್ಯಾರ್ಥಿಗಳು ಕೂಡಿ ಒಂದು ಊರಿನ ಬಾವಿಗಳ ನೀರನ್ನೂ, ದಿನವೊಂದಕ್ಕೆ ಅದು ತಾಳಬಲ್ಲ ಅತಿಥಿಗಳ ಸಂಖ್ಯೆಯನ್ನೂ ಲೆಕ್ಕಹಾಕಬಹುದು. ಒಂದು ತೊಡಕನ್ನು ಮಾತ್ರ ಮರೆಯಬಾರದು. ನವಿಲು ಕುಣಿಯುವ ಮುಂಗಾರಿನ ದಿನಗಳೇ ರೈತನ ಬಿತ್ತನೆಯ ದಿನಗಳು. ಆ ವಾರಗಳಲ್ಲಿ ‘ಈ ಸಲ ಅತಿಥಿ ಬೇಡ’ ಎನ್ನುವ ಹಕ್ಕು ಮನೆಯೊಡತಿಗೆ ಇರಬೇಕು. ಹಾಗೆಂದ ಕಾರಣಕ್ಕೆ ಅವಳ ಸರದಿಯು ತಪ್ಪಿಹೋಗದೆ ಸುಗ್ಗಿಯ ನಂತರಕ್ಕೆ ಸಲ್ಲಬೇಕು.