ಗೊರಕೆ ಅಡಗಿದರೆ ರೋಗ ಅಡಗೀತೆ?

ಗೊರಕೆಯೆಂದರೆ ನಮ್ಮಲ್ಲಿ ನಗೆಯ ವಸ್ತು. ಗೊರಕೆ ಹೊಡೆಯುವವನು ಸುಖನಿದ್ರೆಯಲ್ಲಿರುವನೆಂದೇ ಜನರ ನಂಬಿಕೆ. ಈಗ ಶಸ್ತ್ರಕ್ರಿಯೆಯಿಲ್ಲದೆ, ಲೇಸರ್ ಬೆಳಕಿನಿಂದ ಅದನ್ನು ತಗ್ಗಿಸುವ ಚಿಕಿತ್ಸೆ ಬಂದಿದೆ. ಅದಕ್ಕೆ ಒಳಗಾಗುವ ಮುನ್ನ ಯೋಚಿಸಬೇಕಾದ ಮಾತೊಂದುಂಟು.

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಕಿರಿದಾಗುತ್ತದೆ. ಕಿರಿದಾದೆಡೆಯಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುವುದೆಂಬುದು ನಾವು ತರಗತಿಯಲ್ಲಿ ಕಲಿಸುವ ಬರ್ನೂಲಿಯ ತತ್ತ್ವ. ಆಗ ಮೃದು ಅಂಗುಳವೂ ಕಿರುನಾಲಿಗೆಯೂ ಗಾಳಿಗೆ ಸಿಕ್ಕ ಬಾವುಟದಂತೆ ಪಟಪಟಿಸುವುವು. ಆ ಕಂಪನವೇ ಗೊರಕೆ.

ಈ ಚಿಕಿತ್ಸೆಗೆ ಹೆಚ್ಚಾಗಿ ಬಳಸುವುದು ಎರ್ಬಿಯಂ ಲೇಸರ್. ಅದರ ತರಂಗಾಂತರ 2940 ನ್ಯಾನೋಮೀಟರ್. ಕಣ್ಣಿಗೆ ಕಾಣದ ಈ ಅವಗೆಂಪು ಕಿರಣವನ್ನು ನೀರು ಬಹು ಬಲವಾಗಿ ಹೀರುತ್ತದೆ. ನೀರು ತುಂಬಿದ ಅಂಗಾಂಶ ಬಿಸಿಯಾಗಿ, ಅದರೊಳಗಿನ ಕೊಲಾಜನ್ ನಾರುಗಳು ಕುಗ್ಗಿ, ಅಂಗುಳ ಬಿಗಿಯಾಗುತ್ತದೆ. ಕೊಯ್ತವಿಲ್ಲ, ಹೊಲಿಗೆಯಿಲ್ಲ. ಉಪಾಯ ಸೊಗಸಾದುದು, ಹಲವರಲ್ಲಿ ಸದ್ದು ತಗ್ಗುವುದೂ ನಿಜ. ಆದರೆ ಫಲ ಶಾಶ್ವತವಲ್ಲ. ಚಿಕಿತ್ಸೆಯನ್ನು ಮರಳಿ ಮಾಡಬೇಕಾಗಬಹುದು.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕೆಲವರಲ್ಲಿ ಉಸಿರಿನ ದಾರಿ ಮುಚ್ಚಿಯೇ ಹೋಗುತ್ತದೆ. 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ಉಸಿರು ನಿಂತು, ರಕ್ತದ ಆಮ್ಲಜನಕ ಇಳಿದು, ಮಿದುಳು ಬೆಚ್ಚಿ ಎಚ್ಚರಗೊಳ್ಳುತ್ತದೆ. ಉಸಿರು ನಿಲ್ಲುವುದು ಅಥವಾ ತೀರ ಕ್ಷೀಣಿಸುವುದು ಗಂಟೆಗೆ 30 ಸಲ ಮುಟ್ಟಿದರೆ ವೈದ್ಯರು ಈ ನಿದ್ರಾಶ್ವಾಸರೋಧವನ್ನು ತೀವ್ರವೆಂದು ಗಣಿಸುವರು. ರಕ್ತದ ಒತ್ತಡದ ಏರಿಕೆ, ಹಗಲಿನ ತೂಕಡಿಕೆ ಇದರ ಸಂಗಾತಿಗಳು.

ಬೆಂಗಳೂರಿನ ಉತ್ತರಕ್ಕೆ ಹುಣಸಮಾರನಹಳ್ಳಿಯನ್ನು ಹಾದುಹೋಗುವ ಬಳ್ಳಾರಿ ರಸ್ತೆಯಲ್ಲಿ ಲಾರಿಗಳೂ ವಿಮಾನ ನಿಲ್ದಾಣದ ಕಾರುಗಳೂ ಇರುಳೆಲ್ಲ ಓಡುತ್ತವೆ. ಅಂಥ ಚಾಲಕನೊಬ್ಬನಿಗೆ ಈ ರೋಗವಿದ್ದು, ಲೇಸರ್ ಅವನ ಸದ್ದನ್ನಷ್ಟೇ ಅಡಗಿಸಿತೆನ್ನೋಣ. ಮನೆಯವರು ನಿಶ್ಚಿಂತೆಯಿಂದ ಮಲಗುವರು. ಅವನ ತೂಕಡಿಕೆ ರಸ್ತೆಯ ಮೇಲೆ ಉಳಿಯುವುದು. ಲೇಸರಿನಿಂದ ಕಿರುನಾಲಿಗೆಯನ್ನು ಕತ್ತರಿಸುವ ಹಳೆಯ ಕ್ರಮವನ್ನು ಈ ರೋಗಕ್ಕೆ ವಾಡಿಕೆಯಾಗಿ ಬಳಸಲಾಗದೆಂದು ಅಮೆರಿಕದ ನಿದ್ರಾವೈದ್ಯ ಅಕಾಡೆಮಿ 2010ರಲ್ಲಿ ಸಾರಿತು. ಕೊಯ್ಯದ ಹೊಸ ಕ್ರಮಕ್ಕೂ ಅದೇ ಎಚ್ಚರ ಬೇಕು.

ಆದುದರಿಂದ ಮೊದಲು ಅಳತೆ, ಅನಂತರ ಬೆಳಕು ಎಂಬುದು ನಮ್ಮ ಅಭಿಪ್ರಾಯ. ಒಂದು ರಾತ್ರಿಯ ನಿದ್ರಾಪರೀಕ್ಷೆ ಉಸಿರು, ಆಮ್ಲಜನಕ, ಹೃದಯಬಡಿತಗಳನ್ನು ದಾಖಲಿಸಿ ರೋಗವುಂಟೋ ಇಲ್ಲವೋ ತಿಳಿಸುತ್ತದೆ. ಇದ್ದರೆ, ಆಸ್ಟ್ರೇಲಿಯದ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ವಿಧಾನವುಂಟು: ಮೂಗಿನ ಮುಸುಕಿನ ಮೂಲಕ ಗಾಳಿಯನ್ನು ಸತತವಾಗಿ ಒತ್ತಿ ದಾರಿಯನ್ನು ತೆರೆದಿಡುವುದು. ಬರಿಯ ಗೊರಕೆಯಾದರೆ ಲೇಸರಿನ ವಿಚಾರವನ್ನು ನಿರಾತಂಕವಾಗಿ ಮಾಡಬಹುದು.

ತರುಣ ವಾಚಕರೇ, ಮನೆಯ ಹಿರಿಯರ ಗೊರಕೆ ನಡುವೆ ಥಟ್ಟನೆ ನಿಂತು ಏದುಸಿರಿನೊಡನೆ ಮರಳಿದರೆ ನಗಬೇಡಿ. ಎಷ್ಟು ಸೆಕೆಂಡು ನಿಂತಿತೆಂದು ಎಣಿಸಿ ವೈದ್ಯರಿಗೆ ತಿಳಿಸಿರಿ.